ಬರಿಬೇರಿನ ಬೇಲಿ

ನವೆಂಬರ್ ಅರ್ಧ ಕಳೆಯುವ ಹೊತ್ತಿಗೆ ಇಂಗ್ಲೆಂಡಿನ ನರ್ಸರಿಗಳಲ್ಲಿ ಕಡ್ಡಿ ವ್ಯಾಪಾರ ಶುರುವಾಗುತ್ತದೆ. ಕುಂಡವಿಲ್ಲ, ಮಣ್ಣಿಲ್ಲ, ಹುಡುಕಿದರೂ ಒಂದು ಎಲೆ ಸಿಗುವುದಿಲ್ಲ. ಮೊಣಕಾಲೆತ್ತರದ ಸಪೂರ ಕಡ್ಡಿಗಳನ್ನು 25 ಅಥವಾ 50 ಸೇರಿಸಿ ಕಟ್ಟು ಕಟ್ಟಿ, ಬುಡದ ಬೇರಿಗೆ ಪ್ಲಾಸ್ಟಿಕ್ ಚೀಲ ಬಿಗಿದು ಮಾರುತ್ತಾರೆ. ಒಂದು ಕಡ್ಡಿಗೆ ಹೆಚ್ಚುಕಡಿಮೆ ಒಂದು ಪೌಂಡ್. ಕುಂಡದಲ್ಲಿ ಬೆಳೆಸಿದ ಅದೇ ಜಾತಿಯ ಗಿಡಕ್ಕೆ ಇದರ ಹಲವು ಪಟ್ಟು ಕೊಡಬೇಕು. ಅಲ್ಲಿನವರು ಇದನ್ನು ಬೇರ್ ರೂಟ್ ಹೆಜ್ ಎನ್ನುತ್ತಾರೆ. ಬೇರು ಬರಿದಾಗಿರುವ ಸಸಿಗಳಿಂದ ಕಟ್ಟುವ ಹಸಿರು ಬೇಲಿ ಅದು.

ಈಚಿನ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಮನೆ ಕೊಂಡ ಕನ್ನಡಿಗರಲ್ಲಿ ಹಲವರು ಈ ಕಡ್ಡಿಗಳ ಬಳಿಗೆ ಬರುವುದು ಗಾಳಿಯ ದೆಸೆಯಿಂದ. ಅಲ್ಲಿನ ಹಿತ್ತಿಲುಗಳಿಗೆ ಸಾಮಾನ್ಯವಾಗಿ ಮರದ ಹಲಗೆಯ ಬೇಲಿ ಇರುತ್ತದೆ. 2022ರ ಫೆಬ್ರುವರಿ 18ರಂದು ಯೂನಿಸ್ ಬಿರುಗಾಳಿ ಬಂದಾಗ ವೈಟ್ ದ್ವೀಪದ ನೀಡಲ್ಸ್‌ನಲ್ಲಿ ಗಾಳಿಯ ವೇಗ ಗಂಟೆಗೆ 122 ಮೈಲಿ ದಾಖಲಾಯಿತು. ದಕ್ಷಿಣ ಇಂಗ್ಲೆಂಡಿನ ಬೀದಿ ಬೀದಿಗಳಲ್ಲಿ ಹಲಗೆ ಬೇಲಿಗಳು ಮಲಗಿದವು. ಹಲಗೆ ಗಾಳಿಗೆ ಎದೆಗೊಡುತ್ತದೆ. ತಡೆಯಲಾಗದೆ ಬೀಳುತ್ತದೆ, ಬೀಳದಿದ್ದರೆ ಗಾಳಿ ಅದರ ತಲೆ ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಇಳಿದು ಗಿಡಗಳನ್ನು ಮುರಿಯುತ್ತದೆ. ಹಸಿರು ಬೇಲಿ ಅರ್ಧದಷ್ಟು ಗಾಳಿಯನ್ನು ತನ್ನೊಳಗಿಂದ ಹಾದುಹೋಗಲು ಬಿಟ್ಟು ಅದರ ರಭಸ ಮುರಿಯುತ್ತದೆ. ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೂ ಅದರ ಮರೆ ಸಿಗುತ್ತದೆ. ಹಲಗೆಗೆ ಹತ್ತು ಹದಿನೈದು ವರ್ಷ ಆಯುಸ್ಸು. ಹಸಿರು ಬೇಲಿ ನೆಟ್ಟವರ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಗದ್ದೆ ನೋಡಿ ಬೆಳೆದವರಿಗೆ ಬರಿಬೇರು ಹೊಸದಲ್ಲ. ಸಸಿಮಡಿಯಿಂದ ಭತ್ತದ ಪೈರು ಕಿತ್ತು, ನೀರಿನಲ್ಲಿ ಬೇರು ಜಾಡಿಸಿ, ಕಟ್ಟು ಕಟ್ಟಿ ನಾಟಿಗೆ ಒಯ್ಯುವುದೂ ಇದೇ ಕೆಲಸ. ಆದರೆ ಆ ಪೈರನ್ನು ಅಂದೋ ಮರುದಿನವೋ ಕೆಸರಿಗೆ ಮುಟ್ಟಿಸಬೇಕು. ಇಲ್ಲಿ ಮುಂದೆ ಮರವಾಗಬಲ್ಲ ಗಿಡವನ್ನು ನೆಲದಿಂದ ಕಿತ್ತು, ಮಣ್ಣು ಉದುರಿಸಿ, ಲಾರಿಯಲ್ಲಿ ನಾಡಿನ ಇನ್ನೊಂದು ತುದಿಗೆ ಕಳಿಸಿ, ವಾರ ಬಿಟ್ಟು ನೆಟ್ಟರೂ ಅದು ಚಿಗುರುತ್ತದೆ. ಚಳಿ ಇಲ್ಲದಿದ್ದರೆ ಇದು ನಡೆಯುವ ಮಾತಲ್ಲ.

ಗಿಡದ ಜೀವನವನ್ನು ನೀರಿನ ಜಮಾ ಖರ್ಚಾಗಿ ನೋಡಿದರೆ ವಿಷಯ ಬೇಗ ತಿಳಿಯುತ್ತದೆ. ಎಲೆ ನೀರನ್ನು ಖರ್ಚು ಮಾಡುತ್ತದೆ, ಬೇರು ತುಂಬಿಕೊಡುತ್ತದೆ. ತುಂಬಿಕೊಡುವ ಕೆಲಸ ಮಾಡುವುದು ದಪ್ಪ ಬೇರಲ್ಲ, ಅದರ ತುದಿಯ ನೂಲಿನಂಥ ಎಳೆ ಬೇರುಗಳು ಮತ್ತು ಅವುಗಳ ಮೇಲಿನ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ರೋಮಗಳು. ಗಿಡ ಕಿತ್ತಾಗ ಇವುಗಳಲ್ಲಿ ಬಹುಪಾಲು ನೆಲದಲ್ಲೇ ಹರಿದು ಉಳಿಯುತ್ತವೆ. ಜುಲೈನಲ್ಲಿ ಹೀಗೆ ಕಿತ್ತರೆ ಸಂಜೆಯೊಳಗೆ ಎಲೆ ಬಾಡುತ್ತದೆ. ಆದರೆ ಹಗಲು ಗಿಡ್ಡವಾಗುತ್ತ ಬಂದಂತೆ ಶೀತವಲಯದ ಮರಗಳು ಎಲೆಯಲ್ಲಿದ್ದ ಸತ್ವವನ್ನು ಹಿಂದಕ್ಕೆ ಎಳೆದುಕೊಂಡು, ಕಾಂಡ ಮತ್ತು ಬೇರಿನಲ್ಲಿ ಪಿಷ್ಟವಾಗಿ ಕೂಡಿಟ್ಟು, ಎಲೆ ಉದುರಿಸಿ ನಿದ್ದೆಗೆ ಜಾರುತ್ತವೆ. ಖರ್ಚು ನಿಂತ ಮೇಲೆ ಜಮಾ ನಿಂತರೂ ಕೆಲಕಾಲ ನಡೆಯುತ್ತದೆ. ಎಲೆ ಉದುರಿದಾಗಿನಿಂದ ಮೊಗ್ಗು ಊದಿಕೊಳ್ಳುವವರೆಗೆ, ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಈ ಕೆಲಸಕ್ಕೆ ಬಾಗಿಲು ತೆರೆದಿರುತ್ತದೆ.

ಈ ಐದು ತಿಂಗಳೂ ಒಂದೇ ಅಲ್ಲ. ಮೇಲೆ ಮೊಗ್ಗು ಮಲಗಿದ್ದರೂ ಮಣ್ಣು ಐದಾರು ಡಿಗ್ರಿಗಿಂತ ಬೆಚ್ಚಗಿದ್ದರೆ ಬೇರು ಮೆಲ್ಲಗೆ ಬೆಳೆಯುತ್ತಲೇ ಇರುತ್ತದೆ. ನವೆಂಬರ್‌ನಲ್ಲಿ ನೆಟ್ಟ ಗಿಡಕ್ಕೆ ಬೇಸಿಗೆಯ ಕಾವು ಇನ್ನೂ ಆರದ ಮಣ್ಣು ಸಿಗುತ್ತದೆ. ವಸಂತದಲ್ಲಿ ಎಲೆ ಒಡೆದು ನೀರು ಕೇಳುವಷ್ಟರಲ್ಲಿ ಬೇರು ಒಂದಿಷ್ಟು ಕೂಡಿಕೊಂಡಿರುತ್ತದೆ. ಮಾರ್ಚ್ ಕೊನೆಯಲ್ಲಿ ನೆಟ್ಟದ್ದಕ್ಕೆ ಆ ಬಿಡುವು ಇಲ್ಲ. ಮಾರ್ಚ್‌ನಲ್ಲಿ ನರ್ಸರಿಗಳು ದರ ಇಳಿಸಿ ಮಾರುವ ಕಟ್ಟುಗಳನ್ನು ಕಂಡು ಆಸೆಪಡುವವರು, ಉಳಿಸಿದ ದುಡ್ಡನ್ನು ಬೇಸಿಗೆಯಲ್ಲಿ ನೀರು ಹೊರುವ ಕೂಲಿಯಾಗಿ ತೆರಬೇಕಾಗುತ್ತದೆ ಎಂಬುದು ನೆನಪಿರಲಿ.

ಕರ್ನಾಟಕದ ಬಹುಪಾಲು ಬೇಲಿಗಿಡಗಳಿಗೆ ಚಳಿ ತರುವ ಈ ನಿದ್ದೆ ಇಲ್ಲ. ಅದಕ್ಕೇ ನಮ್ಮಲ್ಲಿ ಬೇಲಿಗೆ ಗೂಟ ನೆಡುತ್ತಾರೆ: ಗ್ಲಿರಿಸಿಡಿಯಾ, ಹಾಲವಾಣ, ದಾಸವಾಳ, ಲಕ್ಕಿ. ಬೇರನ್ನು ಕಾಪಾಡುವ ತಲೆನೋವಿಲ್ಲ, ಮಳೆ ಹಿಡಿದ ಮೇಲೆ ಬೇರು ಹೊಸದಾಗಿಯೇ ಬರುತ್ತದೆ. ಬರಿಬೇರಿನ ನಾಟಿಗೆ ಒಪ್ಪುವ ಮರ ನಮ್ಮಲ್ಲಿ ತೇಗ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಮರ ಅದು. ಮಡಿಯಲ್ಲಿ ವರ್ಷ ಬೆಳೆದ ಸಸಿಯನ್ನು ಕಿತ್ತು, ಮೇಲೆ ಒಂದೆರಡು ಸೆಂಟಿಮೀಟರ್ ಕಾಂಡ, ಕೆಳಗೆ ಗೇಣುದ್ದದ ತಾಯಿಬೇರು ಮಾತ್ರ ಉಳಿಸಿ ಕತ್ತರಿಸಿದ ತುಂಡನ್ನು ಅರಣ್ಯ ಇಲಾಖೆಯವರು ಸ್ಟಂಪ್ ಎನ್ನುತ್ತಾರೆ. ಮುಂಗಾರಿಗೆ ಮುಂಚಿನ ಮಳೆ ನೋಡಿಕೊಂಡು ಅದನ್ನು ಸಲಾಕೆ ತೂತಿಗೆ ಇಳಿಸುತ್ತಾರೆ. ಈಗ ಬಯಲುಸೀಮೆಯಲ್ಲಿ ಸೇಬು ಹಚ್ಚುವ ರೈತರಿಗೂ ಬರಿಬೇರಿನ ಪರಿಚಯ ಆಗಿದೆ. ಹಿಮಾಚಲ ಪ್ರದೇಶದ ಹರಿಮನ್ ಶರ್ಮಾ ರೂಪಿಸಿದ, ಹೆಚ್ಚು ಚಳಿ ಬೇಡದ ಎಚ್‌ಆರ್‌ಎಂಎನ್-99 ತಳಿಯ ಸಸಿಗಳು ಚಳಿಗಾಲದಲ್ಲಿ ಅಲ್ಲಿಂದ ಹೊರಡುವುದು ಹೀಗೆಯೇ, ಮಣ್ಣಿಲ್ಲದ ಕಟ್ಟುಗಳಲ್ಲಿ. ಮುಂದೆ ಹೇಳುವ ಬೇರಿನ ಉಪಚಾರ ಅವರಿಗೂ ಅನ್ವಯಿಸುತ್ತದೆ.

ಒಳ್ಳೆಯ ಕಟ್ಟು ಯಾವುದು ಎಂದು ಕಡ್ಡಿಯ ಎತ್ತರ ನೋಡಿ ಹೇಳಲಾಗದು. ಬುಡ ನೋಡಬೇಕು. ನರ್ಸರಿಯವರು ಬೀಜ ಮೊಳೆತ ಮಡಿಯ ಅಡಿಯಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಹರಿತವಾದ ಪಟ್ಟಿಯನ್ನು ಹಾಯಿಸಿ ತಾಯಿಬೇರನ್ನು ಕತ್ತರಿಸುತ್ತಾರೆ. ಕೆಳಗೆ ಇಳಿಯಲಾಗದ ಬೇರು ಆಗ ಸುತ್ತಲೂ ಕವಲೊಡೆದು ಪೊದೆಯಾಗುತ್ತದೆ. ಇಲ್ಲವೇ ಒಂದು ವರ್ಷದ ಸಸಿಯನ್ನು ಕಿತ್ತು ಬೇರೆ ಮಡಿಗೆ ನೆಟ್ಟು ಇನ್ನೊಂದು ವರ್ಷ ಬೆಳೆಸುತ್ತಾರೆ. ನರ್ಸರಿಯ ಪಟ್ಟಿಯಲ್ಲಿ 1+1 ಎಂದು ಬರೆದಿದ್ದರೆ ಅದರ ಅರ್ಥ ಇದು: ಬೀಜದ ಮಡಿಯಲ್ಲಿ ಒಂದು ವರ್ಷ, ಮರುನಾಟಿಯ ಮಡಿಯಲ್ಲಿ ಒಂದು ವರ್ಷ. 40ರಿಂದ 60 ಸೆಂಟಿಮೀಟರಿನ ಇಂಥ ಗಿಡವೇ ಬೇಲಿಗೆ ಲೇಸು. ಒಂದೂವರೆ ಮೀಟರಿನ ಗಿಡ ಕೊಂಡರೆ ಬೇಲಿ ಬೇಗ ಆಗುತ್ತದೆಂದು ಅನ್ನಿಸುವುದು ಸಹಜ. ಆದರೆ ಎತ್ತರದ ಗಿಡಕ್ಕೆ ಕಿತ್ತಾಗ ಆಗುವ ನಷ್ಟ ಹೆಚ್ಚು, ಎರಡು ವರ್ಷ ಅದು ಪೆಚ್ಚಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಮೊಣಕಾಲುದ್ದದ್ದು ಅದನ್ನು ಹಿಂದೆ ಹಾಕಿರುತ್ತದೆ.

ಜಾತಿಯ ಆಯ್ಕೆಯಲ್ಲಿ ಎರಡು ದಾರಿ. ಗೋಡೆಯಂತೆ ನೇರವಾಗಿ ಕತ್ತರಿಸಿದ, ಒಂದೇ ಬಣ್ಣದ ಬೇಲಿ ಬೇಕೆಂದರೆ ಬೀಚ್ ಅಥವಾ ಹಾರ್ನ್‌ಬೀಮ್. ಇವೆರಡಕ್ಕೂ ಒಂದು ವಿಶೇಷ ಗುಣವಿದೆ: ಎಲೆ ಒಣಗಿದರೂ ಉದುರಿಸುವುದಿಲ್ಲ. ಕತ್ತರಿಸಿ ಸಾಕಿದ ಬೀಚ್ ಬೇಲಿ ಚಳಿಗಾಲವಿಡೀ ತಾಮ್ರದ ಬಣ್ಣದ ಎಲೆ ಹೊತ್ತು ಮರೆಯಾಗಿ ನಿಲ್ಲುತ್ತದೆ. ನೀರು ನಿಲ್ಲುವ ಜೇಡಿಮಣ್ಣಾದರೆ ಬೀಚ್ ಬೇಡ, ಹಾರ್ನ್‌ಬೀಮ್ ಇರಲಿ. ಎರಡನೆಯದು ಹಳ್ಳಿಗಾಡಿನ ಮಿಶ್ರ ಬೇಲಿ. ಅರ್ಧಕ್ಕಿಂತ ಹೆಚ್ಚು ಹಾಥಾರ್ನ್ ಹಾಕಿ, ಉಳಿದದ್ದಕ್ಕೆ ಬ್ಲ್ಯಾಕ್‌ಥಾರ್ನ್, ಹೇಜಲ್, ಫೀಲ್ಡ್ ಮೇಪಲ್, ಕಾಡುಗುಲಾಬಿ ಬೆರೆಸುತ್ತಾರೆ. ಬ್ಲ್ಯಾಕ್‌ಥಾರ್ನ್ ವಿಷಯದಲ್ಲಿ ಮಾತ್ರ ಎಚ್ಚರ. ಅದು ಬೇರಿನಿಂದ ಹಿಳ್ಳೊಡೆದು ಹುಲ್ಲುಹಾಸಿಗೆ ನುಗ್ಗುತ್ತದೆ, ಅದರ ಮುಳ್ಳು ಚುಚ್ಚಿ ಒಳಗೆ ಮುರಿದರೆ ಬೆರಳು ಕೀವು ಕಟ್ಟುವುದು ಖಂಡಿತ ಎಂದೇ ಅಲ್ಲಿನ ಮಾಲಿಗಳು ಹೇಳುತ್ತಾರೆ. ಮಕ್ಕಳು ಆಡುವ ಚಿಕ್ಕ ಹಿತ್ತಿಲಿಗೆ ನಾನಂತೂ ಅದನ್ನು ಸೂಚಿಸುವುದಿಲ್ಲ.

ಹಾಥಾರ್ನ್ ಇಂಗ್ಲೆಂಡಿನ ಬೇಲಿಗಳ ಅರಸನಾದ ಕತೆ ಅಷ್ಟೇನೂ ಹಸಿರಲ್ಲ. 1750ರಿಂದ 1850ರ ನಡುವಿನ ನೂರು ವರ್ಷಗಳಲ್ಲಿ ಪಾರ್ಲಿಮೆಂಟು ಒಂದರ ಹಿಂದೊಂದು ಕಾಯ್ದೆ ತಂದು, ಊರವರೆಲ್ಲ ದನ ಮೇಯಿಸುತ್ತಿದ್ದ ಗೋಮಾಳಗಳನ್ನೂ ಬಯಲು ಹೊಲಗಳನ್ನೂ ಖಾಸಗಿ ಆಸ್ತಿಯಾಗಿ ಹಂಚಿತು. ಪಾಲು ಸಿಕ್ಕವನು ಗೊತ್ತಾದ ಅವಧಿಯೊಳಗೆ ತನ್ನ ಗಡಿಗೆ ಬೇಲಿ ಹಾಕಬೇಕಿತ್ತು. ಈ ನೂರು ವರ್ಷಗಳಲ್ಲಿ ನೆಟ್ಟ ಬೇಲಿಯ ಉದ್ದವನ್ನು ಇತಿಹಾಸಕಾರ ಆಲಿವರ್ ರ‍್ಯಾಕಮ್ ಸುಮಾರು 2 ಲಕ್ಷ ಮೈಲಿ ಎಂದು ಅಂದಾಜು ಮಾಡಿದ್ದಾರೆ. ಅಷ್ಟು ಗಿಡ ಕಾಡಿನಲ್ಲಿ ಕಿತ್ತು ತರಲಾಗದು. ಅಗ್ಗವಾದ, ಬೇಗ ಬೆಳೆಯುವ, ದನ ನುಗ್ಗದಷ್ಟು ಮುಳ್ಳಿರುವ ಹಾಥಾರ್ನ್ ಸಸಿಗಳನ್ನು ಬೀಜದಿಂದ ಎಬ್ಬಿಸಿ ಕಟ್ಟುಗಟ್ಟಲೆ ಮಾರುವ ನರ್ಸರಿಗಳಿಗೆ ಆಗ ಸುಗ್ಗಿ. ಇಂದು ಕಟ್ಟು ಕಟ್ಟಿ ಮಾರುವ ಪದ್ಧತಿಗೆ ಆ ವ್ಯಾಪಾರವೇ ಹಿರಿಯ. ಮೇವು ಕಳೆದುಕೊಂಡ ಬಡವರ ಪಾಡನ್ನು ಹೆಲ್ಪ್‌ಸ್ಟನ್ ಊರಿನ ಕವಿ ಜಾನ್ ಕ್ಲೇರ್ ಬರೆದ. ಈಗ ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣುವ, ಹಸಿರು ಚೌಕಗಳ ಇಂಗ್ಲೆಂಡ್ ಆಗ ಆದದ್ದು.

ಬ್ರಿಟಿಷ್ ಸಾಮ್ರಾಜ್ಯ ಭಾರತದಲ್ಲೂ ಬೇಲಿ ಬೆಳೆಸಿತು, ಉಪ್ಪಿನ ಸುಂಕ ತಪ್ಪಿಸಿಕೊಳ್ಳದಂತೆ ತಡೆಯಲು. ಸಿಂಧೂ ನದಿಯ ಕಡೆಯಿಂದ ಒಡಿಶಾದ ಮಹಾನದಿಯ ಕಡೆಗೆ ಸಾಗಿದ್ದ, 2,000 ಮೈಲಿಗೂ ಉದ್ದದ ಸುಂಕದ ಗಡಿಯ ಒಂದು ದೊಡ್ಡ ಭಾಗಕ್ಕೆ ಜಾಲಿ, ಬೋರೆ, ಕವಳಿ, ಕಳ್ಳಿಗಳ ಬೇಲಿ ಇತ್ತು. ಒಣ ಮುಳ್ಳಿನ ಬೇಲಿಯನ್ನು ಗೆದ್ದಲು ತಿಂದು, ಬೆಂಕಿ ತಗುಲಿ ಸಾಕಾದ ಮೇಲೆ ಜೀವಂತ ಬೇಲಿಗೆ ಒತ್ತು ಕೊಟ್ಟ ಅಧಿಕಾರಿಗಳಲ್ಲಿ ಮುಂದೆ ಕಾಂಗ್ರೆಸ್ ಸ್ಥಾಪನೆಗೆ ಕಾರಣನಾದ ಎ. ಓ. ಹ್ಯೂಮ್ ಕೂಡ ಒಬ್ಬ. 1879ರಲ್ಲಿ ಆ ಗಡಿಯನ್ನು ಕೈಬಿಟ್ಟರು. ನೋಡಿಕೊಳ್ಳುವವರು ಹೋದ ಮೇಲೆ ಅಷ್ಟು ದೊಡ್ಡ ಬೇಲಿ ಎಲ್ಲಿ ಹೋಯಿತೆಂದು ಹುಡುಕಿಕೊಂಡು ರಾಯ್ ಮಾಕ್ಸಮ್ ಎಂಬ ಲೇಖಕ ಊರೂರು ಅಲೆದು 2001ರಲ್ಲಿ ಒಂದು ಪುಸ್ತಕವನ್ನೇ ಬರೆಯಬೇಕಾಯಿತು.

ಇನ್ನು ಹಿತ್ತಿಲಿಗೆ ಬರೋಣ. ರೆಡಿಂಗ್‌ನಲ್ಲಿರುವ ಗೆಳತಿಯೊಬ್ಬಳ ಮನೆಗೆ ಹಾಥಾರ್ನ್ ಕಟ್ಟು ಬಂದಾಗ, ಸಾಗರದಿಂದ ಹೋಗಿದ್ದ ಅವಳ ತಾಯಿ ಅಲ್ಲೇ ಇದ್ದರಂತೆ.

“ಎಂತದೇ ಇದು? ದುಡ್ಡು ಕೊಟ್ಟು ಸೌದೆ ತರ್ಸಿದ್ಯಾ?”

“ಸೌದೆ ಅಲ್ಲ ಅಮ್ಮಾ, ಬೇಲಿ.”

“ಒಣಗಿ ಹೋಗಿದೆ ಅಲ್ದೇನೇ ಮಾರಾಯ್ತಿ!”

ಎಂದವರೇ ಒಂದು ಕಡ್ಡಿಯ ತೊಗಟೆಯನ್ನು ಹೆಬ್ಬೆರಳ ಉಗುರಿನಿಂದ ಗೀರಿದರು. ಒಳಗೆ ಹಸಿರು. ಮರುಮಾತಿಲ್ಲದೆ ಬಕೆಟ್ಟಿಗೆ ನೀರು ಹಿಡಿಯಲು ಎದ್ದರಂತೆ. ಮೆಣಸಿನ ಬಳ್ಳಿಗೆ ಹಾಲವಾಣದ ಗೂಟ ಊರಿ ಅಭ್ಯಾಸವಿದ್ದ ಕೈ. ಪುಸ್ತಕ ನೋಡದೆ ಮೊದಲ ಪರೀಕ್ಷೆ ಮಾಡಿ ಮುಗಿಸಿದ್ದರು.

ಕಟ್ಟು ಮನೆಗೆ ಬಂದ ಮೇಲಿನ ಗಂಟೆಗಳಲ್ಲೇ ಬೇಲಿಯ ಹಣೆಬರಹದ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ನೆಟ್ಟ ಮೇಲೆ ಸತ್ತಿತು ಎಂದು ಎಲ್ಲರೂ ಹೇಳುವ ಗಿಡಗಳಲ್ಲಿ ಎಷ್ಟೋ ಗಿಡ ನೆಡುವ ಮುಂಚೆಯೇ ಸತ್ತಿರುತ್ತವೆ. ಚಳಿಗಾಲದ ಬಿಸಿಲಿನಲ್ಲಿ, ಒಣಗಾಳಿಯಲ್ಲಿ ಎಳೆ ಬೇರು ನಿಮಿಷಗಳಲ್ಲೇ ಒಣಗುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ಕೆಟ್ಟದ್ದು ಗೊತ್ತಾಗುವುದು ಮೇ ತಿಂಗಳಲ್ಲಿ. ಅಂದೇ ನೆಡುವುದಾದರೆ ಬೇರನ್ನು ಅರ್ಧ ಗಂಟೆಯೋ ಒಂದು ಗಂಟೆಯೋ ನೀರಿನಲ್ಲಿ ಅದ್ದಿಟ್ಟರೆ ಸಾಕು. ರಾತ್ರಿಯಿಡೀ ನೆನೆಹಾಕಬಾರದು, ಬೇರಿಗೂ ಉಸಿರು ಬೇಕು. ನಾಳೆ ನಾಡಿದ್ದು ನೆಡುವುದಾದರೆ ಚೀಲ ಬಿಚ್ಚದೆ, ಹಿಮ ಬೀಳದ ತಣ್ಣನೆಯ ಶೆಡ್ಡಿನಲ್ಲಿ ಇಡಬೇಕು. ಹೀಟರ್ ಇರುವ ಕೋಣೆಯಲ್ಲಲ್ಲ. ನೆಲ ಹೆಪ್ಪುಗಟ್ಟಿದೆ, ಇಲ್ಲವೇ ಕೆಸರಾಗಿದೆ ಎಂದಾದರೆ ಹಿತ್ತಿಲ ಮೂಲೆಯಲ್ಲಿ ಒಂದು ಕಿರುಗಾಲುವೆ ತೆಗೆದು, ಕಟ್ಟನ್ನು ಬಿಚ್ಚಿ ಓರೆಯಾಗಿ ಮಲಗಿಸಿ, ಬೇರಿನ ಮೇಲೆ ಸಡಿಲ ಮಣ್ಣು ಎಳೆದರೆ ವಾರಗಟ್ಟಲೆ ಕಾಯುತ್ತದೆ. ಕಟ್ಟನ್ನು ಹಾಗೆಯೇ ಹುಗಿದರೆ ನಡುವಿನ ಬೇರುಗಳಿಗೆ ಮಣ್ಣು ತಾಗದೆ ಅವು ಒಣಗುತ್ತವೆ.

ನೆಡುವ ಪಟ್ಟಿಯನ್ನು ಮುಂಚೆಯೇ ಹದ ಮಾಡಿರಬೇಕು. ಒಂದು ಮೀಟರ್ ಅಗಲದ ಪಟ್ಟಿಯಲ್ಲಿ ಹುಲ್ಲು ಇಲ್ಲದಂತೆ ಮಾಡುವುದು ಇದರಲ್ಲಿ ಮುಖ್ಯ. ಹುಲ್ಲಿನ ಬೇರು ಮೇಲ್ಮಣ್ಣಿನ ನೀರನ್ನೆಲ್ಲ ಹೀರುತ್ತದೆ. ಅದರ ಎದುರು ಎಳೆ ಸಸಿ ಗೆಲ್ಲುವುದಿಲ್ಲ. ದಟ್ಟ ಬೇಲಿಗೆ ಮೀಟರಿಗೆ ಐದು ಗಿಡ. ಎರಡು ಸಾಲು, ಸಾಲುಗಳ ನಡುವೆ 40 ಸೆಂಟಿಮೀಟರ್, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಎರಡು ಗಿಡಗಳ ನಡುವಿನ ಸಂದಿಗೆ ಎದುರಾಗಿ. ಹತ್ತು ಮೀಟರ್ ಬೇಲಿಗೆ ಹೀಗೆ 50 ಗಿಡ. ಜಾಗ ಕಿರಿದಾದರೆ ಒಂದೇ ಸಾಲು, ಮೀಟರಿಗೆ ಮೂರು.

ನೆಡುವ ಕೈಚಳಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಪ್ಪಟೆ ಅಲಗಿನ ಸ್ಪೇಡನ್ನು ಪೂರ್ತಿ ಆಳಕ್ಕೆ ನೇರವಾಗಿ ತುಳಿದು, ಹಿಡಿಯನ್ನು ಮುಂದಕ್ಕೆ ಹಿಂದಕ್ಕೆ ಅಲ್ಲಾಡಿಸಿದರೆ ನೆಲ ಬಾಯಿ ಬಿಡುತ್ತದೆ. ಅಲಗಿನ ಬೆನ್ನಿಗೆ ಒತ್ತಿದಂತೆ ಬೇರನ್ನು ಆ ಸೀಳಿಗೆ ಇಳಿಸಿ, ಬೇಕಾದದ್ದಕ್ಕಿಂತ ಒಂದೆರಡು ಬೆರಳು ಆಳಕ್ಕೆ ಹೋದ ಮೇಲೆ ಗಿಡವನ್ನು ಮೆಲ್ಲಗೆ ಮೇಲೆಳೆಯುತ್ತಾರೆ. ಎಳೆದಾಗ ಮಡಚಿಕೊಂಡ ಬೇರು ಕೆಳಮುಖವಾಗಿ ನೇರವಾಗುತ್ತದೆ. ಕಾಂಡದ ಬುಡದಲ್ಲಿ ಬಣ್ಣ ಬದಲಾಗುವ ಒಂದು ಗೆರೆ ಇದೆ, ನರ್ಸರಿಯಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತು ಎಂಬುದರ ಗುರುತು. ಆ ಗೆರೆ ಹೊಸ ನೆಲದ ಮಟ್ಟಕ್ಕೆ ಸರಿಯಾಗಿ ಬರಬೇಕು. ಅದಕ್ಕಿಂತ ಆಳ ಹೋದರೆ ತೊಗಟೆ ಕೊಳೆಯುತ್ತದೆ, ಮೇಲೆ ಉಳಿದರೆ ಬೇರು ಬಯಲಾಗುತ್ತದೆ. ಸ್ಪೇಡ್ ಕಿತ್ತು, ಬೂಟಿನ ಹಿಮ್ಮಡಿಯಿಂದ ಸೀಳನ್ನು ಮುಚ್ಚಿ ತುಳಿಯಬೇಕು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಗಿಡ ಮೇಲೆ ಬರಬಾರದು. ಬೇರು ಅಗಲವಾಗಿ ಹರಡಿದ ಗಿಡಗಳಿಗೆ ಸೀಳು ಸಾಲದು, ಕಾಲುವೆ ತೆಗೆದೇ ನೆಡಬೇಕು. ಜೇಡಿಮಣ್ಣಿನಲ್ಲಿ ಹೀಗೆ ಅಗೆದಾಗ ಕಾಲುವೆಯ ಗೋಡೆ ಒರೆದಂತೆ ನುಣುಪಾಗಿ, ನೀರು ಇಂಗದೆ ನಿಲ್ಲುತ್ತದೆ. ಗುದ್ದಲಿ ಮೂಲೆಯಿಂದ ಆ ಗೋಡೆಯನ್ನು ಗೀರಿ ಒರಟು ಮಾಡುವುದನ್ನು ಮರೆಯಬಾರದು. ಗುಂಡಿಗೆ ಗೊಬ್ಬರ ಸುರಿಯುವ ನಮ್ಮ ರೂಢಿ ಇಲ್ಲಿ ಬೇಕಿಲ್ಲ. ಮಲಗಿರುವ ಗಿಡ ಅದನ್ನು ಉಣ್ಣುವುದಿಲ್ಲ. ಗೊಬ್ಬರ ಮೇಲೆ ಹರಡಿದರೆ ಸಾಕು.

ಇದಾದ ಮೇಲೆ ಮನಸ್ಸು ಒಪ್ಪದ ಒಂದು ಕೆಲಸ ಇದೆ. ಈಗಷ್ಟೇ ದುಡ್ಡು ಕೊಟ್ಟು ತಂದು, ಮಂಡಿಯೂರಿ ನೆಟ್ಟ ಹಾಥಾರ್ನ್, ಬ್ಲ್ಯಾಕ್‌ಥಾರ್ನ್, ಪ್ರಿವೆಟ್ ಗಿಡಗಳನ್ನು ನೆಲದಿಂದ 15 ಸೆಂಟಿಮೀಟರ್ ಆಸುಪಾಸು ಬಿಟ್ಟು ಕತ್ತರಿಸಿ ಹಾಕಬೇಕು. ತುದಿಯ ಮೊಗ್ಗು ಇರುವವರೆಗೂ ಅದರಿಂದ ಇಳಿಯುವ ಆಕ್ಸಿನ್ ಎಂಬ ರಸ ಕೆಳಗಿನ ಮೊಗ್ಗುಗಳನ್ನು ಏಳಲು ಬಿಡುವುದಿಲ್ಲ. ಕತ್ತರಿಸದೆ ಬಿಟ್ಟರೆ ಗಿಡ ಮೇಲಕ್ಕೆ ಓಡಿ, ತಲೆಯಲ್ಲಿ ಪೊದೆ, ಕಾಲಲ್ಲಿ ಬತ್ತಲೆಯಾಗುತ್ತದೆ. ಹತ್ತು ವರ್ಷದ ಮೇಲೆ ನಾಯಿ ನುಸುಳುವ ಬೇಲಿಗಳಿಗೆಲ್ಲ ಮೂಲ ಈ ಮೊದಲ ದಿನದ ಕರುಣೆ. ಕತ್ತರಿಸಿದರೆ ಬುಡದ ಮೂರ್ನಾಲ್ಕು ಮೊಗ್ಗು ಒಟ್ಟಿಗೆ ಎದ್ದು ನೆಲಮಟ್ಟದಿಂದಲೇ ಹೆಣಿಗೆ ಶುರುವಾಗುತ್ತದೆ. ಎಲೆ ಕಡಿಮೆಯಾದಷ್ಟು ಗಾಯಗೊಂಡ ಬೇರಿಗೂ ಹೊರೆ ಕಡಿಮೆ. ಮುಂದಿನ ಚಳಿಗಾಲದಲ್ಲಿ ಆ ವರ್ಷದ ಚಿಗುರನ್ನು ಮತ್ತೆ ಅರ್ಧ ಸವರಬೇಕು. ಬೀಚ್, ಹಾರ್ನ್‌ಬೀಮ್, ಹೇಜಲ್‌ಗಳಿಗೆ ಈ ನಿಷ್ಠುರ ಬೇಡ; ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಿತ್ಯಹಸಿರಿನ ಯೂ ಗಿಡಕ್ಕಂತೂ ಬೇಕಾದ ಎತ್ತರ ಬರುವವರೆಗೆ ತುದಿ ಮುಟ್ಟದೆ ಪಕ್ಕವನ್ನಷ್ಟೇ ಸವರುತ್ತಾರೆ.

ಮೊಲ ಇರುವ ಕಡೆ ಗಿಡಗಳಿಗೆ ಬಿದಿರು ಕಡ್ಡಿಯ ಆಸರೆ ಕೊಟ್ಟು ಕಾಂಡಕ್ಕೆ ಸುತ್ತುವ ಸುರುಳಿ ಗಾರ್ಡ್ ತೊಡಿಸಬೇಕು. ಚಳಿಗಾಲದಲ್ಲಿ ಮೇವು ಸಿಗದ ಮೊಲ ಒಂದೇ ರಾತ್ರಿಯಲ್ಲಿ ಸಾಲನ್ನೇ ಬೋಳಿಸುತ್ತದೆ. ಮೊಲ ಇಲ್ಲದ ಊರಿನ ನಡುವಿನ ಹಿತ್ತಿಲಿಗೆ ಇದು ದಂಡ. ಪ್ಲಾಸ್ಟಿಕ್ಕಿನದಾದರೆ ನಾಲ್ಕೈದು ವರ್ಷದೊಳಗೆ ಬಿಚ್ಚಿ ತೆಗೆಯಲು ನೆನಪಿರಬೇಕು. ಹಳೆಯ ಬೇಲಿಗಳ ಒಳಗೆ ಕಾಂಡಕ್ಕೆ ಕಚ್ಚಿಕೊಂಡು ಚೂರಾದ ಗಾರ್ಡುಗಳ ರಾಶಿ ಕಾಣುವುದು ಇಂಗ್ಲೆಂಡಿನಲ್ಲಿ ಸಾಮಾನ್ಯ. ಮರದ ಚಕ್ಕೆಯನ್ನೋ ಕಾಂಪೋಸ್ಟನ್ನೋ ನಾಲ್ಕು ಬೆರಳು ದಪ್ಪಕ್ಕೆ ಬುಡದ ಸುತ್ತ ಮುಚ್ಚಿಗೆ ಹಾಕಬೇಕು, ಕಾಂಡಕ್ಕೆ ತಾಗದಂತೆ. ಹಿಮ ಬಿದ್ದು ಕರಗಿದ ಮೇಲೆ ಒಮ್ಮೆ ಸಾಲಿನುದ್ದಕ್ಕೂ ನಡೆದು ನೋಡುವುದು ಒಳ್ಳೆಯದು. ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಗಿಡವನ್ನೂ ಮೇಲೆತ್ತಿರುತ್ತದೆ. ಮತ್ತೆ ಹಿಮ್ಮಡಿಯಿಂದ ತುಳಿದು ಕೂರಿಸಬೇಕು.

ಹಾಥಾರ್ನ್ ಮಾರ್ಚ್‌ನಲ್ಲೇ ಎಲೆ ಒಡೆಯಬಹುದು. ಬೀಚ್ ಏಪ್ರಿಲ್ ಕೊನೆಯವರೆಗೂ ಕಾಯಿಸುತ್ತದೆ. ಪಕ್ಕದ ಮನೆಯ ಬೇಲಿ ಹಸಿರಾಗಿ ನಮ್ಮದು ಕಡ್ಡಿಯಾಗಿಯೇ ಇದ್ದರೆ ಕಿತ್ತೊಗೆಯುವ ಮುಂಚೆ ಉಗುರಿನ ಪರೀಕ್ಷೆ ಮಾಡಬೇಕು. ಹಸಿರು ಕಂಡರೆ ಬಿಡಿ. ಕಂದು ಬಣ್ಣ, ಪುಡಿ ಉದುರಿದರೆ ಇನ್ನೂ ಕೆಳಗೆ ಗೀರಿ. ಎಷ್ಟೋ ಸಲ ಮೇಲೆ ಸತ್ತು ಬುಡದಲ್ಲಿ ಜೀವ ಇರುತ್ತದೆ.

ಮೊದಲೆರಡು ಬೇಸಿಗೆಗಳೇ ನಿಜವಾದ ಗಂಡಾಂತರ. ಇಂಗ್ಲೆಂಡ್ ಎಂದರೆ ಸದಾ ಮಳೆ ಎಂದುಕೊಂಡವರು 2022ರ ಜುಲೈ 19ನ್ನು ನೆನೆಯಬೇಕು. ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ ಅಂದು 40.3 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು, ಆ ದೇಶದಲ್ಲಿ ಹಿಂದೆಂದೂ ಕಾಣದ ಬಿಸಿಲು. ಆ ಹಿಂದಿನ ಚಳಿಗಾಲದಲ್ಲಿ ನೆಟ್ಟ ಗಿಡಗಳಿಗೆ ಆಗಿನ್ನೂ ಆಳಕ್ಕೆ ಬೇರಿಳಿದಿರಲಿಲ್ಲ. ಸಂಜೆ ಪೈಪು ಹಿಡಿದು ಎಲೆ ತೋಯಿಸುವುದರಿಂದ ಏನೂ ಆಗದು, ಮೇಲಿನ ಒಂದಂಗುಲ ನೆನೆದು ಬೇರು ಮೇಲಕ್ಕೇ ಬರುವ ಚಾಳಿ ಕಲಿಯುತ್ತದೆ. ಮಳೆ ಇಲ್ಲದ ದಿನಗಳಲ್ಲಿ ವಾರಕ್ಕೊಮ್ಮೆ, ಬುಡಕ್ಕೆ, ಮಣ್ಣಿನಾಳಕ್ಕೆ ಇಳಿಯುವಷ್ಟು ಕೊಡಬೇಕು. ಇದರ ಜತೆಗೆ ಕಳೆ. ಕಳೆ ತೆಗೆದ ಸಾಲಿಗೂ ತೆಗೆಯದ ಸಾಲಿಗೂ ಮೂರು ವರ್ಷದಲ್ಲಿ ಬರುವ ಅಂತರ ನೋಡಿದರೆ, ಗೊಬ್ಬರದ ಮಾತೇ ಎತ್ತುವುದಿಲ್ಲ.

ಬೇಲಿ ಕೂಡಿಕೊಂಡ ಮೇಲೆ ಆಕಾರದ ಪ್ರಶ್ನೆ. ತಳ ಅಗಲ, ತಲೆ ಕಿರಿದು ಇರಬೇಕು, ಬುಡಕ್ಕೂ ಬೆಳಕು ಬೀಳಲೆಂದು. ನೆಟ್ಟಗೆ ಲಂಬವಾಗಿ ಕತ್ತರಿಸುತ್ತ ಹೋದರೆ ಮೇಲ್ಭಾಗ ತಾನಾಗಿಯೇ ಹೊರಕ್ಕೆ ಉಬ್ಬಿ ಕೆಳಗೆ ನೆರಳು ಮಾಡುತ್ತದೆ. ಕತ್ತರಿಸುವ ಕಾಲಕ್ಕೆ ಹಕ್ಕಿಗಳ ಅಪ್ಪಣೆ ಬೇಕು: 1981ರ ವನ್ಯಜೀವಿ ಕಾಯ್ದೆಯ ಪ್ರಕಾರ, ಹಕ್ಕಿ ಕಟ್ಟುತ್ತಿರುವ ಅಥವಾ ಕೂತಿರುವ ಗೂಡಿಗೆ ತಿಳಿದೂ ಹಾನಿ ಮಾಡುವುದು ಅಪರಾಧ. ಹೊಲದ ಬೇಲಿಗಳ ಬಗ್ಗೆ 2024ರಲ್ಲಿ ಇಂಗ್ಲೆಂಡ್ ಇನ್ನೂ ಬಿಗಿಯಾದ ನಿಯಮ ತಂದು, ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕೃಷಿಕರು ಕತ್ತರಿಸದಂತೆ ತಡೆದಿದೆ. ಹಿತ್ತಿಲಿಗೆ ಅದು ಅನ್ವಯಿಸದಿದ್ದರೂ ಅದೇ ಲೆಕ್ಕ ಪಾಲಿಸಿದರೆ ತಂಟೆಯಿಲ್ಲ. ಪ್ರತಿ ವರ್ಷ ಕತ್ತರಿಸಬೇಕೆಂಬ ಚಟ ಮಿಶ್ರ ಬೇಲಿಗೆ ಹಾನಿಕರ. ಹಾಥಾರ್ನ್ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ವರ್ಷ ವರ್ಷ ಬೋಳಿಸಿದರೆ ಹೂವಿಲ್ಲ, ಹೂವಿಲ್ಲದೆ ಕೆಂಪು ಹಣ್ಣಿಲ್ಲ, ಅದನ್ನು ನಂಬಿ ಸ್ಕ್ಯಾಂಡಿನೇವಿಯಾದಿಂದ ಹಾರಿ ಬರುವ ರೆಡ್‌ವಿಂಗ್, ಫೀಲ್ಡ್‌ಫೇರ್ ಹಕ್ಕಿಗಳಿಗೆ ಊಟವಿಲ್ಲ. ಬ್ಲ್ಯಾಕ್‌ಥಾರ್ನಿನ ಎಳೆ ಕಡ್ಡಿಯ ಮೇಲೆ ಮೊಟ್ಟೆಯಿಡುವ ಬ್ರೌನ್ ಹೇರ್‌ಸ್ಟ್ರೀಕ್ ಚಿಟ್ಟೆಯ ಸಂತಾನವೂ ಕತ್ತರಿಯ ಪಾಲು. ಒಂದು ವರ್ಷ ಈ ಬದಿ, ಮರುವರ್ಷ ಆ ಬದಿ ಎಂದು ಸರದಿ ಹಾಕಿಕೊಂಡರೆ ಎಲ್ಲರಿಗೂ ಪಾಲು ಸಿಗುತ್ತದೆ.

ಎತ್ತರಕ್ಕೆ ಬೆಳೆಯಬಿಟ್ಟ ಬೇಲಿ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್‌ಲೆಂಡಿನ ಪರ್ತ್‌ಶೈರಿನ ಮೈಕ್ಲೂರ್‌ನಲ್ಲಿ ಉತ್ತರವಿದೆ. 1745ರಲ್ಲಿ ನೆಟ್ಟ ಬೀಚ್ ಬೇಲಿ ಈಗ 30 ಮೀಟರ್ ಎತ್ತರ, 530 ಮೀಟರ್ ಉದ್ದ. ನೆಟ್ಟವರಲ್ಲಿ ಕೆಲವರು ಮರುವರ್ಷ ಕಲೋಡನ್ ಯುದ್ಧದಲ್ಲಿ ಸತ್ತರೆಂದೂ, ಅವರ ನೆನಪಿಗೆ ಬೇಲಿಯನ್ನು ಆಕಾಶಕ್ಕೆ ಬೆಳೆಯಬಿಟ್ಟರೆಂದೂ ಅಲ್ಲಿ ಕತೆ ಹೇಳುತ್ತಾರೆ. ಅಂಥದ್ದು ಪಕ್ಕದ ಮನೆಯವರ ಅಡಿಗೆಮನೆ ಕಿಟಕಿಗೆ ಅಡ್ಡ ನಿಂತರೆ ಯಾರೂ ಕತೆ ಹೇಳುವುದಿಲ್ಲ. ಬೇಗ ಬೆಳೆಯುವ ಲೇಲ್ಯಾಂಡಿ ಎಂಬ ನಿತ್ಯಹಸಿರಿನ ಬೇಲಿಗಳಿಂದ ನೆರೆಹೊರೆಯವರ ಜಗಳ ಕೋರ್ಟಿಗೆ ಹತ್ತಿ ಹತ್ತಿ, ಕೊನೆಗೆ 2003ರ ಸಮಾಜಘಾತುಕ ನಡವಳಿಕೆ ಕಾಯ್ದೆಯಲ್ಲಿ ಎತ್ತರದ ಬೇಲಿಗೂ ಒಂದು ಅಧ್ಯಾಯ ಸೇರಿತು. ಎರಡು ಮೀಟರಿಗಿಂತ ಎತ್ತರದ ನಿತ್ಯಹಸಿರು ಬೇಲಿ ಬೆಳಕು ತಡೆದರೆ ನೆರೆಯವರು ಸ್ಥಳೀಯ ಆಡಳಿತಕ್ಕೆ ದೂರಬಹುದು. ನಿತ್ಯಹಸಿರಲ್ಲದ ಬೀಚ್, ಹಾಥಾರ್ನ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಲೇಲ್ಯಾಂಡಿ ಕೊಳ್ಳುವ ಮನಸ್ಸಾದವರು ಈ ಒಂದು ಮಾತು ತಿಳಿದಿದ್ದರೆ ಸಾಕು.

ಎಷ್ಟೇ ಜೋಪಾನ ಮಾಡಿದರೂ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹೋಗಿಯೇ ಹೋಗುತ್ತದೆ. ಅದಕ್ಕೆ ಜಾಣರು ಮೊದಲೇ ಒಂದು ಉಪಾಯ ಮಾಡಿರುತ್ತಾರೆ. ಐವತ್ತು ಗಿಡ ಬೇಕಾದಲ್ಲಿ ಐದು ಹೆಚ್ಚಿಗೆ ತರಿಸಿ, ತರಕಾರಿ ಮಡಿಯ ಮೂಲೆಯಲ್ಲಿ ಹತ್ತಿರ ಹತ್ತಿರ ನೆಟ್ಟು, ಸಾಲಿನಲ್ಲಿದ್ದವಕ್ಕೆ ಮಾಡಿದಂತೆಯೇ ಇವನ್ನೂ ಕತ್ತರಿಸಿ ಬಿಡುತ್ತಾರೆ. ಮುಂದಿನ ನವೆಂಬರ್‌ನಲ್ಲಿ ಸತ್ತ ಗಿಡ ಕಿತ್ತ ಜಾಗಕ್ಕೆ ಒಂದಿಷ್ಟು ಹೊಸ ಮಣ್ಣು ಹಾಕಿ, ಇವುಗಳಲ್ಲಿ ಒಂದನ್ನು ಎಬ್ಬಿಸಿ ತಂದು ಕೂರಿಸಿದರೆ ಉಳಿದ ಗಿಡಗಳ ವಯಸ್ಸಿಗೂ ಎತ್ತರಕ್ಕೂ ಅದು ಸರಿಹೊಂದುತ್ತದೆ. ಅಂಗಡಿಯಿಂದ ಆಗ ತಂದ ಹೊಸ ಕಡ್ಡಿ ದೊಡ್ಡ ಗಿಡಗಳ ನೆರಳಿನಲ್ಲಿ ಸೊರಗುತ್ತದೆ. ಮೂರನೇ ವರ್ಷಕ್ಕೆ ಮೊದಲು ಈ ತೇಪೆ ಕೆಲಸ ಮುಗಿದಿರಬೇಕು, ಆಮೇಲೆ ಅಕ್ಕಪಕ್ಕದ ಬೇರು ಹೊಸಬರಿಗೆ ಜಾಗ ಬಿಡುವುದಿಲ್ಲ.